ಎರೆ ಹೊಲಕ್ಕೆ ಜೀವ ಇದೆಯಾ, ಟೀಚರ್?

(ಕಲಬುರಗಿಯಲ್ಲಿ ಮಕ್ಕಳು, ತಂದೆ-ತಾಯಿಗಳು, ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಎಳ್ಳಮಾವಾಸ್ಯೆಗೆ ಇನ್ನು ಕೆಲವೇ ದಿನ ಇತ್ತು.)

ಶರಣು ಶರಣಾರ್ಥಿ.

ಮೊದಲು ಮೇಜಿನ ಮೇಲಿರುವ ಈ ಎರಡು ಬಾಟಲಿ ನೋಡಿಕೊಳ್ಳಿ. ಎರಡರಲ್ಲೂ ಹೆಸರುಕಾಳು. ಇದರಲ್ಲಿರುವುದು ಮೊಳಕೆ ಒಡೆದದ್ದು. ಅದರಲ್ಲಿರುವುದು ಬೇಯಿಸಿ ಆರಿಸಿದ್ದು. ಕಾಳಿನ ಮೇಲೆ ಒಂದೊಂದು ಪುಟ್ಟ ಬಟ್ಟಲು ಇಟ್ಟು ಸುಣ್ಣದ ತಿಳಿನೀರು ಹಾಕಿದ್ದೇನೆ. ಎಲೆ ಅಡಿಕೆಗೆ ಹಾಕಿಕೊಳ್ಳುವ ಸುಣ್ಣವೇ. ನೀರಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಮಾತ್ರ ಬಸಿದುಕೊಂಡದ್ದು. ನಿನ್ನೆ ರಾತ್ರಿ 9 ಗಂಟೆಗೆ ಮುಚ್ಚಳ ಬಿಗಿ ಮಾಡಿದೆ. ಮಾತು ಮುಗಿದ ಮೇಲೆ ತೆಗೆದು ನೋಡೋಣ. ಮುಂದಿನ ಸಾಲಿನ ಮಕ್ಕಳು ಮುಟ್ಟಬೇಡಿ. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ಕೆಟ್ಟದ್ದು.

ನಾನು 29 ವರ್ಷ ಈ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಸಜೀವಿ, ನಿರ್ಜೀವಿ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಒಂದು ವರ್ಷ ಆ ಪಾಠದ ನಡುವೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್, ನಮ್ಮ ಹೊಲ ಬ್ಯಾಸಿಗ್ಯಾಗ ಬಾಯಿ ಬಿಡ್ತದ್ರಿ. ಮಳಿ ಬಂದ್ರ ಗಟಗಟ ನೀರು ಕುಡಿತದ. ಕುಡದು ಉಬ್ತದ. ಮತ್ತ ಅದಕ್ಕ ಜೀವ ಅದ ಇಲ್ರಿ?"

ನಾನು ಥಟ್ಟಂತ ಹೇಳಿಬಿಟ್ಟೆ. "ಇಲ್ಲವ್ವ, ಮಣ್ಣು ನಿರ್ಜೀವ. ಬರ್ಕೊ." ಅವಳು ಬರೆದುಕೊಂಡಳು. ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆಗೇ ಇದೆ. ಅವತ್ತು ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಪಠ್ಯದಲ್ಲಿರುವ ಪಟ್ಟಿ ನಿಮಗೆಲ್ಲ ಬಾಯಿಪಾಠ. ಜೀವಿ ಬೆಳೆಯುತ್ತದೆ, ಚಲಿಸುತ್ತದೆ, ಉಸಿರಾಡುತ್ತದೆ, ತಿನ್ನುತ್ತದೆ, ಬೇಡದ್ದನ್ನು ಹೊರಹಾಕುತ್ತದೆ, ಮುಟ್ಟಿದರೆ ಸ್ಪಂದಿಸುತ್ತದೆ, ತನ್ನಂಥದ್ದನ್ನೇ ಹುಟ್ಟಿಸುತ್ತದೆ. ಪಟ್ಟಿ ತಪ್ಪಲ್ಲ. ಆದರೆ ಅದರಲ್ಲಿ ಒಂದೊಂದೇ ಗುಣ ಹಿಡಿದು ಹೊರಟರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಬೇಸಿಗೆಯಲ್ಲಿ ಬದುವಿನ ಹುಲ್ಲಿಗೆ ಬೆಂಕಿ ಹತ್ತಿದ್ದನ್ನು ನೋಡಿದ್ದೀರಿ ಅಲ್ವಾ? ಬೆಂಕಿ ತಿನ್ನುತ್ತದೆ, ಬೆಳೆಯುತ್ತದೆ, ಓಡುತ್ತದೆ. ಗಾಳಿ ಸಿಗದಿದ್ದರೆ ಸಾಯುತ್ತದೆ. ಒಂದು ಕಿಡಿ ಹಾರಿದರೆ ಪಕ್ಕದ ಹೊಲದಲ್ಲಿ ಇನ್ನೊಂದು ಬೆಂಕಿ ಹುಟ್ಟುತ್ತದೆ. ಪಟ್ಟಿ ಹಿಡಿದು ನೋಡಿದರೆ ಬೆಂಕಿ ಹೆಚ್ಚುಕಡಿಮೆ ಪಾಸು. ಇನ್ನೊಂದು ಕಡೆ ಮಡಕೆಯಲ್ಲಿ ಬೂದಿ ಬೆರೆಸಿಟ್ಟ ತೊಗರಿ ಬೀಜ. ಅಲುಗಾಡುವುದಿಲ್ಲ, ಬೆಳೆಯುವುದಿಲ್ಲ, ಏನೂ ತಿಂದಂತೆ ಕಾಣುವುದಿಲ್ಲ. ಆದರೂ ಅದಕ್ಕೆ ಜೀವ ಇದೆ. ಇಸ್ರೇಲಿನ ಮಸಾಡಾ ಕೋಟೆಯ ಅವಶೇಷದಲ್ಲಿ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ ಸಿಕ್ಕಿತ್ತು. ನೆಟ್ಟಾಗ, 2005ರಲ್ಲಿ, ಅದು ಮೊಳಕೆ ಒಡೆಯಿತು. ಅಷ್ಟು ಕಾಲ ಅದು ಕಲ್ಲಿನ ಹಾಗೆ ಬಿದ್ದಿತ್ತು. ಆದರೆ ಕಲ್ಲಾಗಿರಲಿಲ್ಲ.

ಹಾಗಾದರೆ ಬೆಂಕಿಗೂ ಹುಳುವಿಗೂ ಏನು ವ್ಯತ್ಯಾಸ? ಇಬ್ಬರೂ ಎಲೆ ತಿನ್ನುತ್ತಾರೆ. ಬೆಂಕಿ ತಿಂದರೆ ಬೂದಿ ಉಳಿಯುತ್ತದೆ. ಹುಳು ತಿಂದರೆ ಎಲೆ ಹುಳು ಆಗುತ್ತದೆ. ನನಗೆ ಹೊಳೆದದ್ದು ಇಷ್ಟೇ. ತಿಂದದ್ದನ್ನು ತನ್ನ ಮೈ ಮಾಡಿಕೊಳ್ಳುವುದು, ಆ ಮೈಯಿಂದ ಇನ್ನೊಂದು ಮೈ ಮಾಡುವುದು, ಇದನ್ನು ಜೀವ ಇರುವುದು ಮಾತ್ರ ಮಾಡುತ್ತದೆ. ಅದಕ್ಕೇ ಆಮೇಲೆ ನಾನು ಪಾಠದ ಪ್ರಶ್ನೆಯನ್ನೇ ಬದಲಿಸಿದೆ. "ಇದು ಸಜೀವಿಯೋ ನಿರ್ಜೀವಿಯೋ" ಅಂತ ಕೇಳುವುದನ್ನು ಬಿಟ್ಟು, "ಇದು ಏನು ತಿಂತದ? ತಿಂದದ್ದು ಏನಾಗ್ತದ?" ಅಂತ ಕೇಳತೊಡಗಿದೆ. ಈ ಪ್ರಶ್ನೆ ಹಿಡಿದುಕೊಂಡು ತೋಟಕ್ಕೆ ಹೋದರೆ ಒಂದು ಗಂಟೆ ಸಾಕಾಗುವುದಿಲ್ಲ.

ನಿಮ್ಮ ಮನೆಯ ನಿಂಬೆ ಗಿಡಕ್ಕೆ ಹೋಗಿ. ಗಿಡ ಇಲ್ಲದಿದ್ದರೆ ಕರಿಬೇವು ಆದರೂ ನಡೆಯುತ್ತದೆ. ಚಿಗುರೆಲೆಯ ಅಂಚು ಕಚ್ಚಿದಂತಿದೆಯಾ ನೋಡಿ. ಇದ್ದರೆ ಅಲ್ಲೇ ಎಲ್ಲೋ ಹಕ್ಕಿಯ ಹಿಕ್ಕೆ ಕಾಣುತ್ತದೆ. ಕಂದು ಬಣ್ಣ, ನಡುವೆ ಬಿಳಿ ಮಚ್ಚೆ. ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಹಿಕ್ಕೆಯ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಗೆ ಬರುತ್ತದೆ, ಘಾಟು ವಾಸನೆ ಹೊಡೆಯುತ್ತದೆ. ಅದು ನಿಂಬೆ ಚಿಟ್ಟೆಯ ಮರಿಹುಳು. ಹಕ್ಕಿ ತನ್ನ ಹಿಕ್ಕೆಯನ್ನು ತಾನು ತಿನ್ನುವುದಿಲ್ಲ. ಆ ವೇಷದಿಂದ ಹುಳು ಬದುಕುತ್ತದೆ. ಅಂದರೆ ಜೀವ ಇಲ್ಲದ ವಸ್ತುವಿನ ರೂಪ ಹಾಕಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ದೊಡ್ಡದಾದ ಮೇಲೆ ಆ ವೇಷ ಮೈಗೆ ಹೊಂದುವುದಿಲ್ಲ. ಅಷ್ಟು ದೊಡ್ಡ ಹಿಕ್ಕೆಯನ್ನು ಯಾರು ನಂಬುತ್ತಾರೆ? ಆಗ ಅದು ಪೊರೆ ಬಿಟ್ಟು ಎಲೆಯ ಹಸಿರು ಬಣ್ಣಕ್ಕೆ ಬರುತ್ತದೆ. ಈ ಎರಡು ಬಣ್ಣದ ಹುಳುಗಳನ್ನು ಮಕ್ಕಳು ಬೇರೆ ಬೇರೆ ಜಾತಿ ಅಂದುಕೊಳ್ಳುತ್ತಾರೆ. ಒಂದು ಗಾಜಿನ ಡಬ್ಬಿಯಲ್ಲಿ ದಿನಾ ಹೊಸ ನಿಂಬೆ ಎಲೆ ಹಾಕಿ ಸಾಕಿದರೆ ಎರಡು ವಾರದ ಆಸುಪಾಸಿನಲ್ಲಿ ಎಲ್ಲ ಗೊತ್ತಾಗುತ್ತದೆ. ಡಬ್ಬಿಗೆ ಗಾಳಿ ಆಡುವ ತೂತು ಇರಲಿ.

ಅದು ಕೋಶ ಕಟ್ಟಿ ಚಿಟ್ಟೆ ಆಗಿ ಹೊರಗೆ ಬಂದ ಮೇಲೆ ನಿಂಬೆ ಎಲೆ ಕೊಟ್ಟು ನೋಡಿ. ತಿನ್ನುವುದಿಲ್ಲ. ತಿನ್ನಲು ಬಾಯೇ ಇಲ್ಲ! ಸುರುಳಿ ಸುತ್ತಿದ ಒಂದು ನಳಿಕೆ ಇದೆ, ಅದರಿಂದ ಹೂವಿನ ಮಕರಂದ ಹೀರುತ್ತದೆ. ಮಗುವಿನ ಊಟ ಬೇರೆ, ತಾಯಿಯ ಊಟ ಬೇರೆ. ಆದರೂ ಮೊಟ್ಟೆ ಇಡಲು ತಾಯಿ ಮತ್ತೆ ನಿಂಬೆ ಗಿಡವನ್ನೇ ಹುಡುಕಿಕೊಂಡು ಬರುತ್ತದೆ. ಎಲೆಯ ಮೇಲೆ ಮುಂಗಾಲು ಬಡಿದು ರುಚಿ ನೋಡುತ್ತದೆ. ಚಿಟ್ಟೆಗೆ ಕಾಲಲ್ಲಿ ನಾಲಿಗೆ ಇದ್ದ ಹಾಗೆ. ತಾನು ತಿನ್ನದ ಎಲೆಯನ್ನು ಮಕ್ಕಳಿಗಾಗಿ ಆರಿಸುತ್ತದೆ. ಇದನ್ನು ಕಣ್ಣಾರೆ ನೋಡಿದ ದಿನ ನಾನು ಅಡುಗೆ ಮರೆತು ಗಿಡದ ಹತ್ತಿರವೇ ನಿಂತಿದ್ದೆ.

ಎಲೆಯ ಮೇಲಿನ ಗಾಯ ನೋಡಿ ತಿಂದವರನ್ನು ಗುರುತಿಸುವುದು ಒಂದು ಒಳ್ಳೆಯ ಆಟ. ಅಂಚಿನಿಂದ ಕಚ್ಚಿದ್ದರೆ ಮರಿಹುಳು ಅಥವಾ ಮಿಡತೆ. ಎಲೆಯ ಮೇಲೆ ಬೆಳ್ಳಿ ಗೆರೆ ಒಣಗಿದ್ದರೆ ರಾತ್ರಿ ಬಸವನ ಹುಳು ಬಂದು ಹೋಗಿದೆ. ಎಲೆಯೊಳಗೇ ಹಾವಿನ ಹಾಗೆ ಬಿಳಿ ಸುರಂಗ ಇದ್ದರೆ, ಎಲೆಯ ಎರಡು ಪೊರೆಗಳ ನಡುವೆ ಒಂದು ಪುಟಾಣಿ ಹುಳು ಊಟ ಮಾಡುತ್ತಾ ನಡೆದಿದೆ. ಆದರೆ ಒಂದು ಗಾಯ ಎಲ್ಲರನ್ನೂ ಮೋಸ ಮಾಡುತ್ತದೆ. ಗುಲಾಬಿ ಎಲೆಯ ಅಂಚಿನಲ್ಲಿ ಬಳೆ ಇಟ್ಟು ಕತ್ತರಿಸಿದ ಹಾಗೆ ದುಂಡನೆಯ ಕಚ್ಚು. ಅದು ಊಟವೇ ಅಲ್ಲ. ಎಲೆ ಕತ್ತರಿಸುವ ಒಂದು ಜಾತಿಯ ಒಂಟಿ ಜೇನು ಆ ತುಂಡನ್ನು ಒಯ್ದು ತನ್ನ ಮರಿಗೆ ಗೂಡು ಹೊದಿಸುತ್ತದೆ. ಮರಿ ತಿನ್ನುವುದು ಅಮ್ಮ ಕೂಡಿಟ್ಟ ಪರಾಗ, ಮಕರಂದ.

ಚಿಗುರಿನಲ್ಲಿ ಹೇನು ಮುತ್ತಿಕೊಂಡಿರುತ್ತವಲ್ಲ, ಅವು ಕಚ್ಚುವುದಿಲ್ಲ, ಹೀರುತ್ತವೆ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಕಟ್ಟುವ ಸತ್ವ ಕಮ್ಮಿ. ಬೇಕಾದಷ್ಟು ಸತ್ವ ಸಿಗಬೇಕಾದರೆ ಬಹಳ ರಸ ಕುಡಿಯಬೇಕು. ಉಳಿದ ಸಕ್ಕರೆಯನ್ನು ಹಿಂದಿನಿಂದ ಹನಿಯಾಗಿ ಬಿಡುತ್ತವೆ. ಆ ಸಿಹಿಗೆ ಇರುವೆ ಬರುತ್ತದೆ. ಹೇನನ್ನು ತಿನ್ನಲು ಗುಲಗಂಜಿ ಹುಳು ಬರುತ್ತದೆ. ಇರುವೆ ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ. ದನ ಕಾಯುವವರು ತೋಳ ಓಡಿಸಿದ ಹಾಗೆ.

ಈಗ ಕಪ್ಪೆಯ ವಿಷಯ. ನನಗೆ ಇದು ಬಹಳ ಇಷ್ಟ. ಮಳೆಗಾಲದಲ್ಲಿ ಹೂಕುಂಡದ ಸಂದಿಯಲ್ಲಿ ಕೂತಿರುವ ಒರಟು ಮೈಯ ಕಪ್ಪೆಯ ಮುಂದೆ ಒಂದು ಸತ್ತ ನೊಣ ಇಡಿ. ಅದು ಸುಮ್ನೆ ಕೂತಿರುತ್ತದೆ. ಅದೇ ನೊಣವನ್ನು ನೂಲಿಗೆ ಕಟ್ಟಿ ಅಲುಗಾಡಿಸಿ. ಪಟ್ಟನೆ ನಾಲಿಗೆ ಚಾಚುತ್ತದೆ. ಎಷ್ಟೋ ಸಲ ಬರಿ ನೂಲಿನ ಗಂಟಿಗೂ ಚಾಚುತ್ತದೆ. ಕಪ್ಪೆಯ ಕಣ್ಣಿಗೆ ಅಲುಗುವುದು ಊಟ, ಅಲುಗದ್ದು ಕಲ್ಲು. ಒಂದನೇ ಕ್ಲಾಸಿನ ಮಗು ಕೂಡ ಹಾಗೇ ಹೇಳುತ್ತದೆ ಅಲ್ವಾ? ಚಲಿಸಿದರೆ ಜೀವ ಇದೆ, ಚಲಿಸದಿದ್ದರೆ ಇಲ್ಲ. ಕಪ್ಪೆಗೆ ಅಷ್ಟು ಸಾಕು, ಅಷ್ಟರಿಂದಲೇ ಹೊಟ್ಟೆ ತುಂಬುತ್ತದೆ. ಅದಕ್ಕೇ ತೋಟದ ಜೀವಿಗಳಲ್ಲಿ ಎಷ್ಟೋ ಬದುಕುವುದು ಅಲುಗದೆ ಕೂತು. ಇನ್ನೊಂದು ಸಂಗತಿ. ನುಂಗುವಾಗ ಕಪ್ಪೆ ಕಣ್ಣು ಮುಚ್ಚುತ್ತದೆ, ಗಮನಿಸಿದ್ದೀರಾ? ಕಣ್ಣುಗುಡ್ಡೆಗಳನ್ನು ಒಳಗೆ ಇಳಿಸಿ, ಬಾಯಿಯ ಮೇಲ್ಭಾಗದಿಂದ ತುತ್ತನ್ನು ಗಂಟಲಿಗೆ ಒತ್ತುತ್ತದೆ. ಕಣ್ಣು ಕೂಡ ಊಟಕ್ಕೆ ಸಹಾಯ ಮಾಡುತ್ತದೆ.

ಹಕ್ಕಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ ಇದೆ. ಒಂದೇ ಮಾತು. ಗುಬ್ಬಿ ಜೋಳ ತಿನ್ನುತ್ತದೆ ಅಂತ ಬರೆದರೆ ಅರ್ಧ ಉತ್ತರ. ಮರಿ ಇರುವಾಗ ಅದು ಹುಳು ಹಿಡಿದು ತರುತ್ತದೆ. ಮಕರಂದ ಕುಡಿಯುವ ಸೂರಕ್ಕಿಯೂ ಅಷ್ಟೇ, ಮರಿಗೆ ಜೇಡ ಬೇಕು, ಕೀಟ ಬೇಕು. ಬೆಳೆಯುವ ಮೈಗೆ ಬರಿ ಸಿಹಿ ಸಾಲದು. ಹುಳು ಇಲ್ಲದ ತೋಟದಲ್ಲಿ ಕಾಳು ಚೆಲ್ಲಿದರೆ ಗುಬ್ಬಿ ಬರಬಹುದು. ಆದರೆ ಅಲ್ಲಿ ಮರಿ ದೊಡ್ಡದಾಗುವುದಿಲ್ಲ.

ಇಲ್ಲಿ ಒಂದು ನೋವಿನ ಸಂಗತಿ ಹೇಳಬೇಕು. ನಾನಿದ್ದ ಒಂದು ಶಾಲೆಯಲ್ಲಿ ಮಕ್ಕಳೇ ತೋಟ ಮಾಡಿದ್ದರು. ನಿಂಬೆ, ಪೇರಲ, ಕರಿಬೇವು, ಬದನೆ, ಒಂದಿಷ್ಟು ಚೆಂಡುಹೂ. ಯಾರೋ ನೋಡಲು ಬರುವವರಿದ್ದರು. ತೂತು ಬಿದ್ದ ಎಲೆ ಕಂಡರೆ ಚೆನ್ನಾಗಿರುವುದಿಲ್ಲ ಅಂತ ಹಿಂದಿನ ವಾರ ಎಣ್ಣೆ, ಅಂದರೆ ಹುಳು ಸಾಯಿಸುವ ಔಷಧಿ, ಹೊಡೆಸಿದರು. ನಾನು ಬೇಡ ಅಂದೆ, ಗಟ್ಟಿಯಾಗಿ ಅನ್ನಲಿಲ್ಲ. ಬಂದವರು ತೋಟ ಹೊಗಳಿ ಹೋದರು. ಮರುದಿನ ಮಕ್ಕಳು ನಿಂಬೆ ಗಿಡದ ಕೆಳಗೆ ಕಪ್ಪಾದ ಹುಳುಗಳನ್ನು ಆರಿಸಿ ನನ್ನ ಮೇಜಿನ ಮೇಲೆ ತಂದಿಟ್ಟರು. ಎಣಿಸಿದ್ದರು ಕೂಡ. 14. ಅವುಗಳಿಗೆ ಅವರು ಹೆಸರು ಇಟ್ಟಿದ್ದರು. ಆ ವರ್ಷ ಸಜೀವಿ ಪಾಠ ಮಾಡಲು ನನಗೆ ಮನಸ್ಸೇ ಬರಲಿಲ್ಲ.

ಹಾಗಂತ ಹೊಲದವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಮನೆಯದೂ ತೊಗರಿ ಹೊಲವೇ. ಕಾಯಿಕೊರಕ ಹುಳು ಒಂದು ಸಲ ನುಗ್ಗಿದರೆ ಕಾಯಿಗೆ ತೂತು ಕೊರೆದು, ತಲೆ ಒಳಗೆ ಮೈ ಹೊರಗೆ ಇಟ್ಟುಕೊಂಡು ಕಾಳು ತಿನ್ನುತ್ತದೆ. ಒಂದೇ ಹುಳು ಕಾಯಿಯಿಂದ ಕಾಯಿಗೆ ಹೋಗುತ್ತದೆ. ವರ್ಷದ ಅನ್ನ ಹೋಗುವುದನ್ನು ನೋಡುತ್ತಾ "ಅದೂ ಒಂದು ಜೀವ" ಅಂತ ಕೂರಲು ಆಗುವುದಿಲ್ಲ. ಆದರೆ ನಮ್ಮ ಹಿರಿಯರು ಮೊದಲು ಮಾಡುತ್ತಿದ್ದದ್ದು ಗಿಡ ಅಲ್ಲಾಡಿಸುವುದು. ಕೆಳಗೆ ಬಟ್ಟೆ ಹಿಡಿದು ಸಾಲಿಡೀ ಹುಳು ಉದುರಿಸುತ್ತಿದ್ದರು. ಕೋಳಿಗೆ ಅವತ್ತು ಹಬ್ಬ. ಹೊಲದಲ್ಲಿ ಅಲ್ಲಲ್ಲಿ ಅಡ್ಡಕೋಲು ಕಟ್ಟಿದ ಗೂಟ ನೆಡಿ ಅಂತ ಕೃಷಿ ತಜ್ಞರೂ ಹೇಳುತ್ತಾರೆ. ಅದರ ಮೇಲೆ ಕಾಜಾಣ ಕೂತು ಹುಳು ಹೆಕ್ಕುತ್ತದೆ. ಹುಳುವನ್ನು ಯಾರು ತಿನ್ನುತ್ತಾರೆ ಅಂತ ಗೊತ್ತಿದ್ದವರಿಗೆ ಮಾತ್ರ ಗೂಟ ನೆಡುವುದು ಹೊಳೆಯುತ್ತದೆ. ಮೊದಲು ಗೂಟ, ಆಮೇಲೆ ಬಟ್ಟೆ, ಎಣ್ಣೆ ಕೊನೆಗೆ. ಮನೆಯ ಹತ್ತು ಗಿಡದ ತೋಟಕ್ಕಂತೂ ಎಣ್ಣೆ ಬೇಕಾಗಿಯೇ ಇಲ್ಲ. ಇದು ನನ್ನ ಅಭಿಪ್ರಾಯ, ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ಗಿಡ ಏನು ತಿನ್ನುತ್ತದೆ? ಕೇಳಿದರೆ ಎಲ್ಲರೂ "ಮಣ್ಣು" ಅನ್ನುತ್ತೀರಿ. 17ನೇ ಶತಮಾನದಲ್ಲಿ ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ ಅನ್ನುವವರು ಇದನ್ನು ತೂಗಿ ನೋಡಿದರು. ಒಂದು ಕುಂಡದಲ್ಲಿ 200 ಪೌಂಡ್ ಒಣ ಮಣ್ಣು ತುಂಬಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟರು. 5 ವರ್ಷ ಬರಿ ನೀರು ಹಾಕಿದರು. ಗಿಡ 169 ಪೌಂಡ್ ಆಯಿತು. ಮಣ್ಣು ಒಣಗಿಸಿ ತೂಗಿದರೆ ಕಮ್ಮಿಯಾದದ್ದು ಸುಮಾರು 2 ಔನ್ಸ್ ಮಾತ್ರ. ಅಂದರೆ ಒಂದು ಹಿಡಿ. ಎಲ್ಲವೂ ನೀರಿನಿಂದ ಬಂತು ಅಂತ ಅವರು ತಿಳಿದರು. ಗಾಳಿಯ ಪಾಲು ಆಮೇಲೆ ಗೊತ್ತಾಯಿತು. ನಿಮ್ಮ ಅಂಗಳದ ಬೇವಿನ ಮರದ ಆ ದಪ್ಪ ಕಾಂಡದ ಬಹುಪಾಲು ಗಾಳಿಯಿಂದ, ನೀರಿನಿಂದ ಆದದ್ದು. ಬಿಸಿಲಿನ ಬಲದಿಂದ ಎಲೆ ಅವನ್ನು ಸೇರಿಸಿ ಸಕ್ಕರೆ ಮಾಡುತ್ತದೆ. ನಮ್ಮೂರಲ್ಲಿ ಬಿಸಿಲಿಗೇನೂ ಬರ ಇಲ್ಲ. ಮಣ್ಣಿನಿಂದ ಗಿಡ ತೆಗೆದುಕೊಳ್ಳುವುದು ನಾವು ಅಡುಗೆಗೆ ಉಪ್ಪು ಹಾಕಿದಷ್ಟು. ಆದರೆ ಆ ಉಪ್ಪು ಇಲ್ಲದಿದ್ದರೆ ಅಡುಗೆಯೇ ಇಲ್ಲ.

ಆ ಉಪ್ಪು ಪ್ರಾಣಿಗಳಿಗೂ ಬೇಕು. ಜೀವ ಇರುವುದು ಜೀವ ಇಲ್ಲದ್ದನ್ನು ನೇರವಾಗಿ ತಿನ್ನುವುದನ್ನು ನೀವು ನೋಡಿದ್ದೀರಿ. ಕೋಳಿ ಹರಳು ನುಂಗುತ್ತದೆ. ಹಲ್ಲಿಲ್ಲ ನೋಡಿ, ಹೊಟ್ಟೆಯೊಳಗಿನ ಗಟ್ಟಿ ಚೀಲದಲ್ಲಿ ಹರಳುಗಳೇ ಕಾಳು ಅರೆಯುತ್ತವೆ. ಮಳೆ ನಿಂತ ಮೇಲೆ ಕೆಸರಿನ ಮೇಲೆ ಚಿಟ್ಟೆಗಳು ಸಾಲಾಗಿ ಕೂರುತ್ತವಲ್ಲ, ಅವು ಉಪ್ಪಿನಂಶ ಹೀರುತ್ತಿರುತ್ತವೆ. ಬಸವನ ಹುಳು ರಾತ್ರಿ ಹೊತ್ತು ಸುಣ್ಣ ಬಳಿದ ಗೋಡೆ ಕೆರೆಯುತ್ತದೆ. ತನ್ನ ಚಿಪ್ಪು ಕಟ್ಟಿಕೊಳ್ಳಲು ಅದಕ್ಕೆ ಸುಣ್ಣ ಬೇಕು.

ಸುಣ್ಣ ಅಂದ ಕೂಡಲೇ ನಮ್ಮ ಕಾಲಡಿ ನೋಡಿಕೊಳ್ಳಬೇಕು. ಈ ಸಭಾಂಗಣದ ನೆಲಕ್ಕೆ ಹಾಸಿರುವುದು ಶಹಾಬಾದ್ ಫರ್ಸಿ. ಅದು ಸುಣ್ಣದ ಕಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳಕ್ಕೆ ಕೂತ ಸುಣ್ಣದ ಕೆಸರು ಪದರ ಪದರವಾಗಿ ಗಟ್ಟಿಯಾಗಿ ಈ ಕಲ್ಲಾಯಿತು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಅಲ್ಲಿರುವುದೂ ಈ ಕಲ್ಲಿಗಾಗಿಯೇ. ಇದನ್ನು ನೆನಪಿಟ್ಟುಕೊಳ್ಳಿ, ಬಾಟಲಿ ತೆಗೆಯುವಾಗ ಬೇಕಾಗುತ್ತದೆ.

ಈಗ ಆ ಹುಡುಗಿಯ ಹೊಲ. ಎರೆ ಮಣ್ಣಿನ, ಅಂದರೆ ನಮ್ಮ ಕಪ್ಪು ಮಣ್ಣಿನ, ಕಣ ಬಹಳ ಸಣ್ಣದು, ಇಸ್ಪೀಟು ಎಲೆಗಳ ಕಟ್ಟಿನ ಹಾಗೆ ಪದರ ಪದರ. ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ. ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಆ ಬಿರುಕಿಗೆ ಬೀಳುತ್ತದೆ, ಮಳೆ ಬಂದಾಗ ಒಳಗಿನದು ಉಬ್ಬಿ ಮೇಲಕ್ಕೆ ಬರುತ್ತದೆ. ನೇಗಿಲಿಲ್ಲದೆ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಇಷ್ಟೆಲ್ಲ ಆದರೂ ಕುಡಿದ ನೀರಿನಿಂದ ಅದು ಇನ್ನೊಂದು ಹಿಡಿ ಮಣ್ಣು ಮಾಡಿಕೊಳ್ಳುವುದಿಲ್ಲ. ಆ ಲೆಕ್ಕದಲ್ಲಿ ಅವತ್ತು ನಾನು ಹೇಳಿದ್ದು ಸರಿ.

ಆದರೆ ಅವಳು ಕೇಳಿದ್ದು ಮಣ್ಣಿನ ಕಣದ ಬಗ್ಗೆ ಅಲ್ಲ. ಹೊಲದ ಬಗ್ಗೆ. ಹೊಲದಲ್ಲಿ ಎರೆಹುಳು ಇದೆ. ಕೊಳೆತ ಎಲೆಯನ್ನು ಮಣ್ಣಿನ ಜೊತೆ ನುಂಗಿ ಹಿಕ್ಕೆ ಹಾಕುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ಪುಸ್ತಕವನ್ನು, 1881ರಲ್ಲಿ, ಎರೆಹುಳುಗಳ ಮೇಲೆಯೇ ಬರೆದರು. ಬದುವಿನ ಹುತ್ತದಲ್ಲಿ ಗೆದ್ದಲು ಇದೆ. ನಮ್ಮಲ್ಲಿ ಹುತ್ತ ಕಟ್ಟುವ ಗೆದ್ದಲು ಒಣ ಕಡ್ಡಿ, ಎಲೆ ತಂದು ಅದರ ಮೇಲೆ ಅಣಬೆ ಬೆಳೆಸಿ ತಿನ್ನುತ್ತದೆ. ಅದಕ್ಕೂ ಒಂದು ತೋಟ ಇದೆ! ಒಂದು ತೊಗರಿ ಗಿಡವನ್ನು ಹಸಿ ನೆಲದಿಂದ ಬೇರು ಸಮೇತ ಎತ್ತಿ ನೋಡಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದರೊಳಗೆ ಬ್ಯಾಕ್ಟೀರಿಯಾ ಇವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಅವು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತು, ಬಂತು, ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಈ ಗಂಟುಗಳಿಗೂ ಪಾಲಿದೆ. ಒಂದು ಚಮಚ ಹೊಲದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಎಲ್ಲವೂ ಏನನ್ನೋ ತಿನ್ನುತ್ತಿವೆ, ತಿಂದದ್ದನ್ನು ಮೈ ಮಾಡಿಕೊಳ್ಳುತ್ತಿವೆ. "ಹೊಲದ ಮಣ್ಣಿಗೆ ಜೀವ ಇಲ್ಲ, ಹೊಲಕ್ಕೆ ಇದೆ ಮಗಳೇ" ಅಂತ ಹೇಳಬೇಕಿತ್ತು.

ಇನ್ನು ಕೆಲವೇ ದಿನಕ್ಕೆ ಎಳ್ಳಮಾವಾಸ್ಯೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತೀರಿ. ಪೂಜೆ ಮಾಡಿ, ತಂದ ಅಡುಗೆಯಲ್ಲಿ ಒಂದಿಷ್ಟನ್ನು ಹೊಲಕ್ಕೆ ಚರಗ ಅಂತ ಚೆಲ್ಲುತ್ತೀರಿ. ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಚರಗ ಬಿದ್ದ ಒಂದು ಜಾಗ ಆರಿಸಿಕೊಂಡು ಅರ್ಧ ಗಂಟೆ ದೂರದಲ್ಲಿ ಸುಮ್ನೆ ಕೂರಿ. ಮೊದಲು ಯಾರು ಬಂದರು? ಇರುವೆ ಕಡುಬಿನ ಯಾವ ಭಾಗ ಒಯ್ದಿತು, ಹೂರಣವೋ ಹಿಟ್ಟೋ? ಗೊರವಂಕ ಬಂತಾ? ಮರುದಿನ ಬೆಳಿಗ್ಗೆ ಅಲ್ಲಿ ಏನು ಉಳಿದಿತ್ತು? ಬರೆದು ತಂದು ತೋರಿಸಿ. ಚರಗ ಯಾರಿಗೆ ಮುಟ್ಟುತ್ತದೆ ಅಂತ ನಾನು 40 ವರ್ಷ ದಾಟಿದ ಮೇಲೆ ಕೂತು ನೋಡಿದ್ದು. ನೀವು ಈಗಲೇ ನೋಡಿ.

ಸರಿ, ಬಾಟಲಿ ತೆಗೆಯೋಣ.

(ಇಲ್ಲಿ ಮಕ್ಕಳೆಲ್ಲ ಎದ್ದು ಮೇಜಿನ ಸುತ್ತ ಬಂದರು. ಬೇಯಿಸಿದ ಕಾಳಿನ ಬಾಟಲಿಯ ಸುಣ್ಣದ ನೀರು ಹೆಚ್ಚುಕಡಿಮೆ ಹಾಗೇ ತಿಳಿಯಾಗಿತ್ತು. ಮೊಳಕೆ ಕಾಳಿನ ಬಾಟಲಿಯಲ್ಲಿ ನೀರಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟಿತ್ತು.)

ಈ ಕೆನೆ ಮೊಳಕೆಯ ಉಸಿರು. ಕಾಳು ತನ್ನೊಳಗಿನ ಬುತ್ತಿ ತಿಂದು ಬೇರು ಮಾಡಿಕೊಂಡಿತು. ತಿನ್ನುವಾಗ ನಮ್ಮ ಹಾಗೇ ಇಂಗಾಲದ ಡೈಆಕ್ಸೈಡ್ ಬಿಟ್ಟಿತು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುವಾಗ ಹಾರಿಹೋಗುವುದೂ ಅದೇ ಗಾಳಿ. ಈಗ ಕಾಳಿನ ಉಸಿರು ಸುಣ್ಣದ ನೀರಿಗೆ ಆ ಗಾಳಿಯನ್ನು ವಾಪಸ್ ಕೊಟ್ಟಿತು. ನೀರಲ್ಲಿದ್ದ ಸುಣ್ಣ ಮತ್ತೆ ಕಲ್ಲಾಯಿತು. ಬೆರಳಿಗೆ ಹತ್ತಿಸಿಕೊಂಡು ನೋಡಬೇಡಿ, ನಾನೇ ಕಡ್ಡಿಯಿಂದ ಎತ್ತಿ ತೋರಿಸುತ್ತೇನೆ. ಈ ಪೊರೆ, ಬಸವನ ಹುಳದ ಚಿಪ್ಪು, ನೀವು ನಿಂತಿರುವ ಫರ್ಸಿ, ಮೂರರಲ್ಲೂ ಇರುವುದು ಒಂದೇ ವಸ್ತು.

ಒಬ್ಬ ಹುಡುಗ ಬೇಯಿಸಿದ ಕಾಳಿನ ಬಾಟಲಿಯನ್ನೇ ದಿಟ್ಟಿಸಿ ನೋಡುತ್ತಿದ್ದ. "ಟೀಚರ್, ಇದನ್ನ ಇನ್ನ ನಾಕ್ ದಿನ ಹಿಂಗೇ ಇಟ್ರ ಏನಾಗ್ತದ್ರಿ?" ಅಂದ.

"ಅದರಾಗೂ ಕೆನಿ ಕಟ್ತದ," ಅಂದೆ.

"ಕಾಳು ಸತ್ತದಲ್ರಿ?"

"ಕಾಳು ಸತ್ತದ. ತಿನ್ನೋರು ಬಂದಿರ್ತಾರ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ಬಾಟಲಿ ಮನೆಗೆ ಒಯ್ಯಲಾ ಅಂತ ಕೇಳಿದ. ಬಟ್ಟಲು ತೊಳೆದು ಹೊಸ ತಿಳಿನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಅವರಮ್ಮನ ಕೈಗೆ ಕೊಟ್ಟೆ.